ಯುದ್ಧದ ಹಡಗು ಮಾರಾಟವಾದ ಮೇಲೆ ‘ಸರಕು ಹಡಗು’ ಅನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಹಾಯಿಹಡಗುಗಳ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ‘ರಾಟ್ಲರ್’ ಎಂಬ ಬ್ರಿಟಿಷ್ ಹಡಗಿನ ಕತೆ ಬರುತ್ತದೆ. 1783ರಲ್ಲಿ ನೀರಿಗಿಳಿದ, 16 ಫಿರಂಗಿಗಳ ಚಿಕ್ಕ ಯುದ್ಧನೌಕೆ. ಬ್ರಿಟಿಷ್ ನೌಕಾಧಿಕಾರಿ ನೆಲ್ಸನ್ ವೆಸ್ಟ್ ಇಂಡೀಸ್ ದ್ವೀಪಗಳ ಕಡೆ ಇದ್ದಾಗ ಇದೂ ಅಲ್ಲೇ ಇತ್ತು. ಅಮೆರಿಕದ ಹಡಗುಗಳು ಆ ದ್ವೀಪಗಳಲ್ಲಿ ಕದ್ದು ವ್ಯಾಪಾರ ಮಾಡದಂತೆ ತಡೆಯುವುದು ಆಗ ಅಲ್ಲಿನ ನೌಕಾಪಡೆಗೆ ದೊಡ್ಡ ಕೆಲಸ. 1792ರಲ್ಲಿ ರಾಟ್ಲರನ್ನು ಮಾರಿಬಿಟ್ಟರು. ಅದು ತಿಮಿಂಗಿಲದ ಎಣ್ಣೆ ವ್ಯಾಪಾರ ಮಾಡುತ್ತಿದ್ದ ಲಂಡನ್ನಿನ ಎಂಡರ್ಬಿ ಮನೆತನದ ಕೈ ಸೇರಿತು. 1793ರಲ್ಲಿ ಕಪ್ತಾನ ಜೇಮ್ಸ್ ಕಾಲ್ನೆಟ್ ಅದನ್ನು ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರ ದಾಟಿಸಿ ಪೆಸಿಫಿಕ್ಕಿಗೆ, ಗಲಾಪಗೋಸ್ ದ್ವೀಪಗಳವರೆಗೂ ಒಯ್ದ. ತಿಮಿಂಗಿಲ ಎಲ್ಲಿ ಜಾಸ್ತಿ ಸಿಗುತ್ತದೆ, ಬೇಟೆಯ ಹಡಗುಗಳು ಎಲ್ಲಿ ತಂಗಿ ನೀರು, ಸೌದೆ ತುಂಬಿಕೊಳ್ಳಬಹುದು ಎಂದು ನೋಡಿ ಬರುವ ಪಯಣ ಅದು.

ಈ ಎರಡನೆಯ ಬಾಳಿಗೆ ಏನು ಹೆಸರು? ಇಂಗ್ಲಿಷಿನ ‘ಮರ್ಚೆಂಟ್ ಶಿಪ್’ಗೆ ನಿಘಂಟು ನೋಡಿದರೆ ‘ಸರಕು ಹಡಗು’, ‘ವಾಣಿಜ್ಯ ನೌಕೆ’ ಸಿಗುತ್ತವೆ. ಸರಕು ಹಡಗು ಅಂದ ಕೂಡಲೇ ಒಂದೂರಿನ ಮಾಲು ಇನ್ನೊಂದೂರಿಗೆ ಹೊರುವ ಚಿತ್ರ ಬರುತ್ತದೆ, ಅಲ್ವಾ? ತಿಮಿಂಗಿಲ ಬೇಟೆಯ ಹಡಗು ಹಾಗಲ್ಲ. ಹೋಗುವಾಗ ಖಾಲಿ ಪೀಪಾಯಿ. ಡೆಕ್ಕಿನ ಮೇಲೆ ಇಟ್ಟಿಗೆ ಒಲೆ, ಅದರ ಮೇಲೆ ಕಬ್ಬಿಣದ ಕೊಪ್ಪರಿಗೆ. ಕೊಬ್ಬನ್ನು ಅಲ್ಲೇ ಕಾಯಿಸಿ, ಎಣ್ಣೆ ಇಳಿಸಿ, ಪೀಪಾಯಿಗೆ ತುಂಬುತ್ತಿದ್ದರು. ಒಂಥರಾ ತೇಲುವ ಗಾಣ.

ನನಗೆ ಕಾಣುವಂತೆ ಇಲ್ಲಿ ಮುಖ್ಯವಾದದ್ದು ಹಡಗು ಯಾರದು ಎಂಬುದು. ರಾಟ್ಲರ್ ಮೊದಲು ದೊರೆಯದು, ಆಮೇಲೆ ವ್ಯಾಪಾರಿಗಳದು. ಹೆಸರಿನ ಮೊದಲಿಗಿದ್ದ ‘ಎಚ್‌ಎಂಎಸ್’ (ದೊರೆಯ ಹಡಗು ಎಂಬ ಗುರುತು) ಕೂಡ ಮಾರಾಟದೊಂದಿಗೇ ಹೋಯಿತು. ಅದಕ್ಕೇ ‘ವರ್ತಕರ ಹಡಗು’ ಅನ್ನೋಣ ಅನ್ನಿಸುತ್ತದೆ. ಅದು ಮಾಲು ಹೊತ್ತರೂ ಸರಿ, ಬೇಟೆಗೆ ಹೋದರೂ ಸರಿ.

ಜೊತೆಗೆ ಇನ್ನೊಂದು. ಆ ಕಾಲದ ಹಡಗಿಗೆ ಇಷ್ಟು ‘ಟನ್’ ಎಂದಿದ್ದರೆ ನಮ್ಮವರು ‘ಟನ್ ತೂಕದ ಹಡಗು’ ಎಂದು ಬರೆಯುತ್ತಾರೆ. ಅದು ತೂಕವೇ ಅಲ್ಲ. ಹಡಗಿನ ಉದ್ದ ಅಗಲ ಹಿಡಿದು, ಗುಣಿಸಿ, 94ರಿಂದ ಭಾಗಿಸಿ ತೆಗೆದ ಹಿಡಿತದ, ಅಂದರೆ ಎಷ್ಟು ತುಂಬಬಹುದು ಎಂಬುದರ ಲೆಕ್ಕ. ಮೂಲದಲ್ಲಿ ಹಡಗು ದ್ರಾಕ್ಷಾರಸದ ದೊಡ್ಡ ಪೀಪಾಯಿಗಳನ್ನು ಎಷ್ಟು ಹಿಡಿಯುತ್ತದೆ ಎಂಬ ಎಣಿಕೆ. ‘ಟನ್ ಹಿಡಿತದ ಹಡಗು’ ಎಂದರೆ ಓದುಗರಿಗೆ ತಿಳಿದೀತೇ?

ಕುಂದಾಪುರ, ಮಂಗಳೂರು, ಕಾರವಾರದ ಕಡೆಯವರು ದಯವಿಟ್ಟು ಹೇಳಿ. ಹಂಚು ಹೊತ್ತು ಹೋಗುತ್ತಿದ್ದ ಮಂಜಿಗಳಿಗೆ (ಕರಾವಳಿಯ ಹಾಯಿಹಡಗುಗಳಿಗೆ) ‘ಎಷ್ಟು ಹಿಡಿಯುತ್ತದೆ’ ಎಂದು ಕೇಳಲು ನಿಮ್ಮ ಹಿರಿಯರು ಯಾವ ಮಾತು ಬಳಸುತ್ತಿದ್ದರು?