ಹಿಂದಿನ ಚಕ್ರ, ಬ್ರೇಕ್ ಕ್ಯಾಲಿಪರ್ ಬಿಚ್ಚುವಾಗ ಯಾವುದು ಮೊದಲು?

ಪ್ರಶ್ನೆ:
ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಪೆಡಲ್ ಒತ್ತಿಲ್ಲ. ಟಾರ್ಚ್ ಬಿಟ್ಟು ನೋಡಿದೆ: ಪಿಸ್ಟನ್ ಕಡೆಯ ಪ್ಯಾಡ್ (ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಬಹುತೇಕ ಸವೆದಿದೆ, ಎದುರಿನದು ಇನ್ನೂ ದಪ್ಪವಾಗಿದೆ. ಒಂದೇ ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ), ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಮನೆಯಲ್ಲೇ ಬಿಚ್ಚಿ ಸರಿಪಡಿಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ? ಟಾರ್ಕ್ ರೆಂಚ್ (ನಿಗದಿತ ಅಳತೆಗೆ ಬಿಗಿಯುವ ಸ್ಪ್ಯಾನರ್) ಬೇಕೇ ಬೇಕೆ?

ಉತ್ತರ 1:
ನೀವು ಹೇಳುವ ಲಕ್ಷಣ ನೋಡಿದರೆ ಸ್ಲೈಡ್ ಪಿನ್ (ಕ್ಯಾಲಿಪರ್ ಸರಿದಾಡುವ ಕಡ್ಡಿ) ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಈ ಬಗೆಯ ಕ್ಯಾಲಿಪರ್ ಪಿನ್‌ಗಳ ಮೇಲೆ ಅತ್ತಿತ್ತ ಸರಿದರೆ ಮಾತ್ರ ಎರಡೂ ಪ್ಯಾಡ್ ಸಮನಾಗಿ ಒತ್ತುತ್ತವೆ. ಅದು ಸರಿಯದಿದ್ದರೆ ಪಿಸ್ಟನ್ ಕಡೆಯದೇ ಸವೆಯುತ್ತದೆ. ಹಾಗಾಗಿ ಹೊಸ ಪ್ಯಾಡ್ ಹಾಕಿ ಸುಮ್ಮನಾಗಬೇಡಿ, ಅದೂ ಹಾಗೆಯೇ ಹಾಳಾಗುತ್ತದೆ.

ಬಿಗಿಯಾದುದನ್ನೆಲ್ಲ ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಸ್ಪ್ಲಿಟ್ ಪಿನ್ (ನಟ್ ಸಡಿಲವಾಗದಂತೆ ತಡೆಯುವ ತಂತಿ ಪಿನ್) ಇದ್ದರೆ ತೆಗೆದು ಆಕ್ಸಲ್ (ಚಕ್ರದ ಅಚ್ಚು) ನಟ್, ಆಮೇಲೆ ಕ್ಯಾಲಿಪರ್ ಬೋಲ್ಟ್, ಪ್ಯಾಡ್ ಹಿಡಿದಿರುವ ಪ್ಯಾಡ್ ಪಿನ್. ಸ್ಟ್ಯಾಂಡ್ ಮೇಲೇರಿಸಿದ ಮೇಲೆ ಸ್ಪ್ಯಾನರಿಗೆ ಜೋರು ಹಾಕಿದರೆ ಬೈಕ್ ಉರುಳಬಹುದು. ಆಕ್ಸಲ್ ಎಳೆಯುವ ಮುನ್ನ ಎಬಿಎಸ್ ಸೆನ್ಸರ್ (ಚಕ್ರದ ವೇಗ ಅಳೆಯುವ ಭಾಗ) ಬಿಚ್ಚಿಡಿ. ಚೈನ್ ಅಡ್ಜಸ್ಟರ್ ಯಾವ ಗೆರೆಯಲ್ಲಿದೆ, ಯಾವ ಸ್ಪೇಸರ್ (ಆಕ್ಸಲ್ ಮೇಲಿನ ಅಂತರದ ಕೊಳವೆ) ಯಾವ ಕಡೆಯದು ಎಂದು ಫೋಟೊ ತೆಗೆದುಕೊಳ್ಳಿ. ಎಡಬಲದ ಸ್ಪೇಸರ್‌ಗಳು ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಇರಬಹುದು.

ಕ್ಯಾಲಿಪರನ್ನು ಹೋಸಿಗೆ (ಬ್ರೇಕ್ ಎಣ್ಣೆಯ ಕೊಳವೆಗೆ) ನೇತುಬಿಡಲೇಬೇಡಿ. ಒಂದು ದಾರದಿಂದ ಫ್ರೇಮಿಗೆ ಕಟ್ಟಿ. ಡಿಸ್ಕ್ ಇಲ್ಲದಿರುವಾಗ ಪ್ಯಾಡ್‌ಗಳ ನಡುವೆ ಮರದ ಚೂರು ಸಿಕ್ಕಿಸಿ, ಯಾರೂ ಪೆಡಲ್ ತುಳಿಯದಂತೆ ನೋಡಿಕೊಳ್ಳಿ; ತುಳಿದರೆ ಪಿಸ್ಟನ್ ಹೊರಬರುತ್ತದೆ. ಹೋಸ್ ಬಿಚ್ಚುವ ಅಗತ್ಯವೂ ಈಗ ಇಲ್ಲ. ಬಿಚ್ಚಿದರೆ ಗಾಳಿ ಸೇರುತ್ತದೆ, ಎಬಿಎಸ್ ಇರುವಾಗ ಆ ಗಾಳಿ ತೆಗೆಯುವುದು ದೊಡ್ಡ ಕೆಲಸ.

ಪಿಸ್ಟನನ್ನು ಹಿಂದಕ್ಕೆ ತಳ್ಳುವ ಮೊದಲು ಅದರ ಸುತ್ತಲಿನ ಕೊಳೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಕೊಳೆಯೊಂದಿಗೆ ತಳ್ಳಿದರೆ ಸೀಲ್ ಹಾಳಾಗುತ್ತದೆ. ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಏರುತ್ತದೆ, ಉಕ್ಕಿ ಚೆಲ್ಲದಂತೆ ಗಮನಿಸಿ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಪೇಂಟ್ ತಿನ್ನುತ್ತದೆ, ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಿರಿ.

ಉತ್ತರ 2:
ಟಾರ್ಕ್ ರೆಂಚ್ ಬೇಕು. ಕೊಳ್ಳಲಾಗದಿದ್ದರೆ ಯಾರಿಂದಲಾದರೂ ತಂದುಕೊಳ್ಳಿ. ಆಕ್ಸಲ್ ನಟ್, ಕ್ಯಾಲಿಪರ್ ಬೋಲ್ಟ್ ಎರಡಕ್ಕೂ ಕೈಪಿಡಿಯಲ್ಲಿ ಇರುವ ಅಳತೆಯನ್ನೇ ಹಿಡಿಯಿರಿ. ಅದು ಒಂದೊಂದು ಬೈಕಿಗೂ ಬೇರೆ. ಸ್ಪ್ಲಿಟ್ ಪಿನ್ ಹೊಸದು ಹಾಕಿ.

ಪ್ರಶ್ನೆ ಕೇಳಿದವರು:
ಬಿಚ್ಚಿದೆ. ಒಂದು ಪಿನ್ ಕೈಯಲ್ಲೇ ಬಂತು. ಇನ್ನೊಂದರ ರಬ್ಬರ್ ಕವಚ ಹರಿದಿದೆ, ಗ್ರೀಸ್ ಒಣಗಿ ಕಪ್ಪು ಪುಡಿಯಾಗಿದೆ, ಪಿನ್ನಿನ ಒಂದು ಕಡೆ ತುಕ್ಕು ಹಿಡಿದಿದೆ. ಉಜ್ಜಿ ಹಾಕಬಹುದೆ?

ಉತ್ತರ 1:
ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ನಯವಾದ ಉಜ್ಜುಕಾಗದದಿಂದ ತೆಗೆದು ಬಳಸಬಹುದು. ಉಗುರು ಆಡಿಸಿದಾಗ ಗುಂಡಿ ತಗುಲಿದರೆ ಪಿನ್ ಬದಲಿಸಿ. ಹರಿದ ರಬ್ಬರನ್ನಂತೂ ಬದಲಿಸಲೇಬೇಕು. ನೀರು ಒಳಹೋಗಿ ಇಷ್ಟೆಲ್ಲ ಆಗಿರುವುದು ಅದರಿಂದಲೇ. ಪಿನ್ ಕೂರುವ ರಂಧ್ರವನ್ನೂ ಬಟ್ಟೆಯಿಂದ ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸನ್ನು ತೆಳ್ಳಗೆ ಹಚ್ಚಿ. ಚೈನಿನ ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ.

ಜೋಡಿಸಿದ ಮೇಲೆ, ಬೈಕ್ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ಕೆಲವು ತುಳಿತಗಳಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ನಂತರ ಡಬ್ಬಿಯಲ್ಲಿ ಎಣ್ಣೆಯ ಮಟ್ಟ ನೋಡಿ, ಚಕ್ರವನ್ನು ಕೈಯಿಂದ ತಿರುಗಿಸಿ. ಪ್ಯಾಡ್ ಸ್ವಲ್ಪ ಸವರುವ ಸದ್ದು ಸಹಜ, ತಡೆದು ನಿಲ್ಲಬಾರದು.