ಸಹಾಯ ಬೇಕು: ಕಾರವಾರದ ಸಮುದ್ರದಲ್ಲಿ ಹಳೇ ಹಡಗು ಇರಬಹುದಾ?

ನಮಸ್ಕಾರ, ನಾನು ಬೆಳಗಾವಿಯವನು. ಕಾರವಾರದಲ್ಲಿ ನಮ್ಮ ಭಾವನವರ ಮೀನಿನ ಬೋಟ್ ಇದೆ. ಒಂದೇ ಜಾಗದಲ್ಲಿ ಬಲೆ ಪದೇ ಪದೇ ಸಿಕ್ಕಿ ಹರಿಯುತ್ತಿದೆ. ಈಚೆಗೆ ಚಿಪ್ಪು ಹತ್ತಿದ ಮರದ ತುಂಡೊಂದು ಬಂತು, ಅದರಲ್ಲಿ ತುಕ್ಕು ತಿಂದ ದಪ್ಪ ಮೊಳೆ. ಆಗಲೇ ಚಿನ್ನದ ಹಡಗು ಅಂತ ಸುದ್ದಿ. ನನಗೆ ಚಿನ್ನಕ್ಕಿಂತ ಹಡಗೇ ಮುಖ್ಯ. ಗೋವಾದ ಸುಂಚಿ ರೀಫ್ ಅನ್ನೋ ಸಮುದ್ರದ ಬಂಡೆಸಾಲಿನಲ್ಲಿ ಮುಳುಗಿದ ಹಳೇ ಹಡಗಿನಿಂದ ಸಿಕ್ಕ ಆನೆದಂತ, ಫಿರಂಗಿ, ಪಿಂಗಾಣಿ ಚೂರುಗಳೇ 17ನೇ ಶತಮಾನದ ವ್ಯಾಪಾರದ ಕಥೆ ಹೇಳಿದವು ಅಲ್ವಾ?

ಮೀನು, ಸಮುದ್ರದ ತಳ ತೋರಿಸೋ ಫಿಶ್ ಫೈಂಡರ್‌ನಲ್ಲಿ ದಿಬ್ಬ ಕಾಣುತ್ತೆ, ಬಂಡೆಯೋ ಹಡಗೋ ತಿಳಿಯುತ್ತಿಲ್ಲ. ಕಬ್ಬಿಣ ಪತ್ತೆ ಹಚ್ಚೋ ಮ್ಯಾಗ್ನೆಟೋಮೀಟರ್ ಬಾಡಿಗೆಗೆ ಸಿಗಲಿಲ್ಲ. ಒಣಗಿದರೆ ಬಿರುಕು ಬಿಡುತ್ತೆ ಅಂತ ತುಂಡನ್ನು ನೀರಲ್ಲೇ ಮುಳುಗಿಸಿಟ್ಟಿದ್ದೇವೆ. ಕಚೇರಿಗಳಲ್ಲಿ ವಿಚಾರಿಸಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಜಿಪಿಎಸ್ ಗುರುತಿನ ಜೊತೆ ಮೊದಲು ಅರ್ಜಿ ಕೊಡಬೇಕಾದ್ದು ಯಾರಿಗೆ? ಧಾರವಾಡದ ಪುರಾತತ್ವ ಸರ್ವೇಕ್ಷಣಾ ಕಚೇರಿಗಾ, ಬಂದರು ಇಲಾಖೆಗಾ, ಜಿಲ್ಲಾಧಿಕಾರಿಗಾ?