ಮಹಿಳಾ ಟೆನಿಸ್‌ನ ದಾಖಲೆ: ಗೋಡೆ ಪತ್ರಿಕೆಯಲ್ಲಿ 24 ಎಂದು ಬರೆಯಬೇಕೇ, 23 ಎಂದು ಬರೆಯಬೇಕೇ?

ಅರಕಲಗೂಡಿನ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದೇನೆ. ನಮ್ಮಲ್ಲಿ ಟೆನಿಸ್ ಅಂಗಣವಿಲ್ಲ. ನಮ್ಮ ಹೆಣ್ಣುಮಕ್ಕಳು ಆಡುವುದು ಕೊಕ್ಕೊ, ಕಬಡ್ಡಿ ಮತ್ತು ಥ್ರೋಬಾಲ್. ಆದರೂ ತಿಂಗಳಿಗೊಂದು ಕ್ರೀಡೆಯನ್ನು ಕುರಿತು ಗೋಡೆ ಪತ್ರಿಕೆ ಬರೆಯುವ ರೂಢಿಯನ್ನು ಇಟ್ಟುಕೊಂಡಿದ್ದೇವೆ, ಮತ್ತು ಈ ತಿಂಗಳು ಒಂಬತ್ತನೆಯ ತರಗತಿಯವರು ಮಹಿಳಾ ಟೆನಿಸನ್ನು ಆರಿಸಿಕೊಂಡಿದ್ದಾರೆ.

ಇಬ್ಬರು ಹುಡುಗಿಯರು ಎರಡು ಪಟ್ಟಿ ತಂದರು. ಒಂದರಲ್ಲಿ ಆಸ್ಟ್ರೇಲಿಯಾದ ಮಾರ್ಗರೆಟ್ ಕೋರ್ಟ್ 24 ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯಾ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಅಮೆರಿಕ ಓಪನ್ ಎಂಬ ನಾಲ್ಕು ದೊಡ್ಡ ಟೂರ್ನಿಗಳು) ಸಿಂಗಲ್ಸ್ ಪ್ರಶಸ್ತಿಗಳೊಂದಿಗೆ ಮೊದಲಿದ್ದಾರೆ. ಇನ್ನೊಂದರಲ್ಲಿ ಅಮೆರಿಕದ ಸೆರೆನಾ ವಿಲಿಯಮ್ಸ್ 23 ಪ್ರಶಸ್ತಿಗಳೊಂದಿಗೆ ಮೊದಲಿದ್ದಾರೆ, ಕೋರ್ಟ್ ಅವರ ಹೆಸರು ಬಹಳ ಕೆಳಗಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಒಬ್ಬಳು, ‘ಮಿಸ್, ದಾಖಲೆ ಎಂದರೆ ಒಂದೇ ಇರಬೇಕಲ್ಲವೇ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮಕ್ಕಳಿಗೆ ಅರ್ಧ ತಿಳಿದದ್ದನ್ನು ಹೇಳಲು ಮನಸ್ಸಿಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ: ಮೊದಲ ಹೆಸರು ಯಾರದ್ದಾಗಬೇಕು, ಮತ್ತು ಏಕೆ?

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ

ಮೇಡಂ, ನಿಮ್ಮ ವಿದ್ಯಾರ್ಥಿನಿ ಹೇಳಿದ್ದೇ ಸರಿ. ದಾಖಲೆ ಒಂದೇ, ಅದು 24, ಮತ್ತು ಅದು ಮಾರ್ಗರೆಟ್ ಕೋರ್ಟ್ ಅವರದ್ದು. 23 ಎಂಬುದು ಇತಿಹಾಸದಲ್ಲಿ ಒಂದು ಗೆರೆ ಎಳೆದು, ಗೆರೆಯಿಂದ ಈಚೆಗಿನದನ್ನು ಮಾತ್ರ ಎಣಿಸಿದಾಗ ಸಿಗುವ ಅತಿ ದೊಡ್ಡ ಸಂಖ್ಯೆ. ಆ ಗೆರೆ 1968ರದ್ದು. ಅದಕ್ಕೆ ಮುಂಚೆ ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳಲ್ಲಿ ಹವ್ಯಾಸಿ ಆಟಗಾರರಿಗೆ ಮಾತ್ರ ಪ್ರವೇಶವಿತ್ತು. ಆ ವರ್ಷ ವೃತ್ತಿಪರರಿಗೂ ಬಾಗಿಲು ತೆರೆಯಿತು, ಅಲ್ಲಿಂದ ಈಚಿನ ಕಾಲವನ್ನು ಮುಕ್ತ ಯುಗವೆಂದು ಕರೆಯುತ್ತಾರೆ. ಕೋರ್ಟ್ ಅವರ 24ರಲ್ಲಿ 13 ಗೆರೆಯ ಆಚೆಗೂ 11 ಈಚೆಗೂ ಬರುತ್ತವೆ. ನಿಮ್ಮ ಎರಡನೆಯ ಪಟ್ಟಿ ಆ 11ನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದೆ.

ನನ್ನ ಅಭಿಪ್ರಾಯದಲ್ಲಿ ಈ ಗೆರೆ ಪುರುಷರ ಟೆನಿಸ್‌ಗೆ ಹೊಂದುವಷ್ಟು ಮಹಿಳೆಯರ ಟೆನಿಸ್‌ಗೆ ಹೊಂದುವುದಿಲ್ಲ. ರಾಡ್ ಲೇವರ್ ಅವರಂಥ ಶ್ರೇಷ್ಠರು ವೃತ್ತಿಪರರಾಗಿ ವರ್ಷಗಟ್ಟಲೆ ಹೊರಗುಳಿದದ್ದರಿಂದ ಪುರುಷರ ಟೂರ್ನಿಗಳು ಸೊರಗಿದ್ದವು. ಮಹಿಳೆಯರಲ್ಲಿ ವೃತ್ತಿಪರರಾದವರೇ ಬಹಳ ಕಡಿಮೆ. ಆದ್ದರಿಂದ ನಾವು ನೋಡಬೇಕಾದದ್ದು 1968ನ್ನಲ್ಲ, ಆಸ್ಟ್ರೇಲಿಯಾದ ದೂರವನ್ನು. ಕೋರ್ಟ್ ಅವರ 24ರಲ್ಲಿ 11 ಪ್ರಶಸ್ತಿಗಳು ತವರಿನಲ್ಲೇ ಬಂದವು, ಅವುಗಳಲ್ಲಿ ಏಳು 1960ರಿಂದ 1966ರವರೆಗೆ ಸತತವಾಗಿ. ಆ ಕಾಲದಲ್ಲಿ ಯುರೋಪು ಮತ್ತು ಅಮೆರಿಕದ ಹಲವು ಉತ್ತಮ ಆಟಗಾರ್ತಿಯರು ಅಷ್ಟು ದೂರ ಪ್ರಯಾಣ ಮಾಡುತ್ತಿರಲಿಲ್ಲ.

ಹಾಗೆಂದು ತವರಿನ ಆ 11ನ್ನು ಅಳಿಸಿಹಾಕುವುದು ಅನ್ಯಾಯ. 1965ರಲ್ಲಿ ಅಲ್ಲಿ ಆಕೆಯ ಎದುರು ಫೈನಲ್ ಆಡಿದವರು ಬ್ರೆಜಿಲ್‌ನ ಮರಿಯಾ ಬುಯೆನೊ, 1969ರಲ್ಲಿ ಬಿಲ್ಲಿ ಜೀನ್ ಕಿಂಗ್. ಇವರಿಬ್ಬರೂ ವಿಂಬಲ್ಡನ್ ಚಾಂಪಿಯನ್ನರು. 1970ರಲ್ಲಿ ಕೋರ್ಟ್ ಒಂದೇ ವರ್ಷದಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಗೆದ್ದರು. ಆ ವರ್ಷದ ವಿಂಬಲ್ಡನ್ ಫೈನಲ್‌ನಲ್ಲಿ ಕಾಲಿನ ನೋವನ್ನು ಇಟ್ಟುಕೊಂಡೇ ಕಿಂಗ್ ಅವರನ್ನು 14-12, 11-9ರಿಂದ ಸೋಲಿಸಿದರು. ಅಲ್ಲಿ ಆಗ ಟೈಬ್ರೇಕ್ (ಗೇಮ್‌ಗಳು ಸಮವಾದಾಗ ಸೆಟ್ಟನ್ನು ತೀರ್ಮಾನಿಸುವ ಒಂದು ಗೇಮ್) ಇರಲಿಲ್ಲವಾದ್ದರಿಂದ ಎರಡೇ ಸೆಟ್‌ಗಳಲ್ಲಿ 46 ಗೇಮ್‌ಗಳು ನಡೆದವು. ಇನ್ನೊಂದು ಸಂಗತಿಯನ್ನು ಹುಡುಗಿಯರಿಗೆ ತಪ್ಪದೆ ಹೇಳಿ: 1972ರಲ್ಲಿ ಮೊದಲ ಮಗುವಿಗೆ ತಾಯಿಯಾದ ಆಕೆ 1973ರಲ್ಲಿ ಮರಳಿ ಬಂದು ನಾಲ್ಕರಲ್ಲಿ ಮೂರು ಗ್ರ್ಯಾಂಡ್ ಸ್ಲಾಮ್ ಗೆದ್ದರು. ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಸೇರಿದರೆ ಒಟ್ಟು 64 ಪ್ರಶಸ್ತಿಗಳು. ಆ ಸಂಖ್ಯೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ.

ಸಕಲೇಶಪುರದ ಬೆಳೆಗಾರ

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಮಾತು ಸೇರಿಸಬೇಕಾಗಿದೆ. ನಾವು ಕಾಫಿ ಕೊಯ್ಲಿನ ಲೆಕ್ಕ ಬರೆಯುವಾಗ ಎಷ್ಟು ಮೂಟೆ ಬಂತು ಎಂಬುದರ ಪಕ್ಕದಲ್ಲಿ ಎಷ್ಟು ಎಕರೆಯಿಂದ ಬಂತು ಎಂದೂ ಬರೆಯುತ್ತೇವೆ. ಮೂಟೆಯ ಲೆಕ್ಕವೊಂದನ್ನೇ ನೋಡಿ ತೋಟದ ಗುಣ ಹೇಳಲಾಗದು. ಟೆನಿಸ್‌ನಲ್ಲೂ ಹಾಗೆಯೇ. ಹೆಲೆನ್ ವಿಲ್ಸ್ 19 ಪ್ರಶಸ್ತಿ ಗೆದ್ದದ್ದು ಮೂರೇ ಟೂರ್ನಿಗಳಿಂದ. ಆಸ್ಟ್ರೇಲಿಯಾದಲ್ಲಿ ಆಕೆ ಆಡಲೇ ಇಲ್ಲ. ಕ್ರಿಸ್ ಎವರ್ಟ್ ಅಲ್ಲಿ ಆಡಿದ್ದು ಆರೇ ಸಲ, ಆರು ಸಲವೂ ಫೈನಲ್ ತಲುಪಿದರು, ಎರಡು ಸಲ ಗೆದ್ದರು. ಅಷ್ಟೇ ಅಲ್ಲ, ಮಣ್ಣಿನ ಅಂಗಣದಲ್ಲಿ ಸತತ 125 ಪಂದ್ಯ ಗೆದ್ದ ಕಾಲದಲ್ಲೇ, 1976ರಿಂದ 1978ರವರೆಗೆ, ಅಮೆರಿಕದ ತಂಡ ಲೀಗ್‌ನಲ್ಲಿ ಆಡುವುದಕ್ಕಾಗಿ ಆಕೆ ಫ್ರೆಂಚ್ ಓಪನ್ ಬಿಟ್ಟರು. ಆಗ ಯಾರೂ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳನ್ನು ಇಂದಿನಂತೆ ಎಣಿಸುತ್ತಿರಲಿಲ್ಲ. ಎಣಿಕೆಯ ಮೇಲೆ ಕಣ್ಣಿಟ್ಟು ಆಡಿದ್ದರೆ ಎವರ್ಟ್ ಅವರ 18 ಎಲ್ಲಿಗೆ ಮುಟ್ಟುತ್ತಿತ್ತೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಮಟ್ಟಿಗೆ ಮೊದಲ ಹೆಸರು ಸ್ಟೆಫಿ ಗ್ರಾಫ್ ಅವರದ್ದು. 1988ರ ಜುಲೈನಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ಅಣ್ಣ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತಾ, ನಾವು ಕೆಳಗಿನಿಂದ ‘ಬಂತು, ಹೋಯಿತು’ ಎಂದು ಕೂಗುತ್ತಾ ದೂರದರ್ಶನದಲ್ಲಿ ವಿಂಬಲ್ಡನ್ ಫೈನಲ್ ನೋಡಿದೆವು. ಮಾರ್ಟಿನಾ ನವ್ರಾಟಿಲೋವಾ ಎದುರು ಮೊದಲ ಸೆಟ್ಟನ್ನು 5-7ರಿಂದ ಸೋತು, ಎರಡನೆಯದರಲ್ಲೂ 0-2 ಹಿಂದೆ ಬಿದ್ದಿದ್ದ 19ರ ಹುಡುಗಿ, ಅಲ್ಲಿಂದ ಮುಂದಿನ 13 ಗೇಮ್‌ಗಳಲ್ಲಿ 12ನ್ನು ಗೆದ್ದಳು. ಆ ವರ್ಷ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳ ಜೊತೆಗೆ ಸೋಲ್ ಒಲಿಂಪಿಕ್ಸ್‌ನ ಚಿನ್ನವೂ ಆಕೆಯದಾಯಿತು. ಒಂದೇ ವರ್ಷದಲ್ಲಿ ಈ ಐದನ್ನೂ ಸಿಂಗಲ್ಸ್‌ನಲ್ಲಿ ಗೆದ್ದವರು ಇನ್ನೊಬ್ಬರಿಲ್ಲ. ಆಕೆಯ 22ರ ಹಂಚಿಕೆಯನ್ನೂ ನೋಡಿ: ವಿಂಬಲ್ಡನ್ 7, ಫ್ರೆಂಚ್ 6, ಅಮೆರಿಕ 5, ಆಸ್ಟ್ರೇಲಿಯಾ 4. ನಾಲ್ಕನ್ನೂ ತಲಾ ನಾಲ್ಕು ಬಾರಿಯಾದರೂ ಗೆದ್ದವರು ಆಕೆ ಒಬ್ಬರೇ. 377 ವಾರ ವಿಶ್ವ ಶ್ರೇಯಾಂಕದ ಅಗ್ರಸ್ಥಾನದಲ್ಲಿದ್ದರು.

ಅಭಿಮಾನಿಯಾದರೂ ಮುಚ್ಚಿಡಬಾರದ ಸಂಗತಿಯೊಂದಿದೆ. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ, ಪಂದ್ಯದ ನಡುವಿನ ವಿರಾಮದಲ್ಲಿ ಕುಳಿತಿದ್ದ ಮೋನಿಕಾ ಸೆಲೆಸ್ ಅವರ ಬೆನ್ನಿಗೆ ಗ್ರಾಫ್ ಅವರ ಅಭಿಮಾನಿಯೊಬ್ಬ ಚಾಕುವಿನಿಂದ ಇರಿದ. 19 ವರ್ಷದ ಸೆಲೆಸ್ ಅಷ್ಟರಲ್ಲಿ 8 ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದರು. 1995ರ ಆಗಸ್ಟ್‌ವರೆಗೆ ಅಂಗಣಕ್ಕೆ ಮರಳಲಿಲ್ಲ, ಮರಳಿದ ಮೇಲೆ ಗೆದ್ದದ್ದು ಒಂದೇ ಒಂದು. ಗ್ರಾಫ್ ಅವರ 22ರಲ್ಲಿ 11 ಆ ದಿನಕ್ಕೆ ಮುಂಚಿನವು, 11 ನಂತರದವು. ಅದರಲ್ಲಿ ಗ್ರಾಫ್ ಅವರ ತಪ್ಪು ಎಳ್ಳಷ್ಟೂ ಇಲ್ಲ, ಆದರೆ ಆ ಸಂಖ್ಯೆಯನ್ನು ಓದುವಾಗ ಸೆಲೆಸ್ ನೆನಪಾಗದಿದ್ದರೆ ಓದು ಅಪೂರ್ಣ.

ಹಾಸನದ ಬ್ಯಾಂಕ್ ಉದ್ಯೋಗಿ

ಮೇಡಂ, ನಾನು ಸೆರೆನಾ ಅವರ ಪರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಆಕೆಯನ್ನು ಕಣ್ಣಾರೆ ನೋಡಿದ್ದೇನೆ. 2008ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಟೆನಿಸ್ ಅಂಗಣದಲ್ಲಿ ನಡೆದ ಬೆಂಗಳೂರು ಓಪನ್‌ಗೆ ವಿಲಿಯಮ್ಸ್ ಸಹೋದರಿಯರಿಬ್ಬರೂ ಬಂದಿದ್ದರು. ನಾವು ಮೂವರು ಗೆಳತಿಯರು ಹಾಸನದಿಂದ ಬೆಳಗಿನ ಬಸ್ಸು ಹಿಡಿದು ಹೋಗಿದ್ದೆವು. ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ ಎದುರು ಸೆರೆನಾ ಮೂರನೆಯ ಸೆಟ್‌ನ ಟೈಬ್ರೇಕ್‌ನಲ್ಲಿ ಗೆದ್ದರು, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಪ್ಯಾಟಿ ಶ್ನೈಡರ್ ಅವರನ್ನು ಸೋಲಿಸಿದರು. ಟಿವಿಯಲ್ಲಿ ಎಷ್ಟೇ ನೋಡಿದ್ದರೂ ಆ ಸರ್ವ್‌ನ ಸದ್ದು ಹೇಗಿರುತ್ತದೆ ಎಂಬುದು ಹತ್ತಿರ ಕುಳಿತಾಗಲೇ ನನಗೆ ತಿಳಿದದ್ದು.

ಆಗ ಆಕೆಗೆ 26 ವರ್ಷ, ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳು 8. ಉಳಿದ 15 ಆಮೇಲೆ ಬಂದವು, ಅವುಗಳಲ್ಲಿ 10 ವಯಸ್ಸು ಮೂವತ್ತು ದಾಟಿದ ಮೇಲೆ. ಕೊನೆಯದನ್ನು, ಅಂದರೆ 2017ರ ಆಸ್ಟ್ರೇಲಿಯಾ ಓಪನ್ ಅನ್ನು, ಗರ್ಭಿಣಿಯಾಗಿದ್ದಾಗ ಗೆದ್ದರು. ಫೈನಲ್‌ನಲ್ಲಿ ಎದುರಿಗಿದ್ದವರು ಮತ್ತೆ ಅಕ್ಕನೇ. ಹೆರಿಗೆಯ ನಂತರ 2018 ಮತ್ತು 2019ರಲ್ಲಿ ವಿಂಬಲ್ಡನ್ ಮತ್ತು ಅಮೆರಿಕ ಓಪನ್‌ನ ನಾಲ್ಕು ಫೈನಲ್‌ಗಳನ್ನು ತಲುಪಿ ನಾಲ್ಕರಲ್ಲೂ ಸೋತರು. ಒಂದನ್ನು ಗೆದ್ದಿದ್ದರೂ 24 ಆಗುತ್ತಿತ್ತು, ನಿಮ್ಮ ಹುಡುಗಿಯರ ಪಟ್ಟಿಗಳು ಜಗಳವಾಡುತ್ತಿರಲಿಲ್ಲ. ಆ ನಾಲ್ಕು ಸೋಲುಗಳನ್ನೂ ಗೋಡೆ ಪತ್ರಿಕೆಯಲ್ಲಿ ಬರೆಯಿರಿ ಎಂಬುದು ನನ್ನ ಕೋರಿಕೆ.

ಅರಕಲಗೂಡಿನ ಶಿಕ್ಷಕಿ

ಮೂವರಿಗೂ ಧನ್ಯವಾದಗಳು. ಬೆಳೆಗಾರರು ಹೇಳಿದ ಮೂಟೆ ಮತ್ತು ಎಕರೆಯ ಮಾತನ್ನು ತರಗತಿಯಲ್ಲಿ ಹೇಳಿದೆ. ಶುಂಠಿ, ಆಲೂಗೆಡ್ಡೆ ಬೆಳೆಯುವ ಮನೆಗಳ ಮಕ್ಕಳಾದ್ದರಿಂದ ತಕ್ಷಣ ಹಿಡಿದುಕೊಂಡರು. ಕೋರ್ಟ್ ಅವರ 24ನ್ನು ಮೇಲೆ ಬರೆದು, ಪ್ರತಿಯೊಬ್ಬರ ಹೆಸರಿನ ಮುಂದೆ ನಾಲ್ಕು ಟೂರ್ನಿಗಳ ಸಂಖ್ಯೆಯನ್ನು ಬೇರೆಬೇರೆ ಕಲಮುಗಳಲ್ಲಿ ತೋರಿಸಲು ನಿರ್ಧರಿಸಿದ್ದೇವೆ. ಈಗ ಒಬ್ಬಳು, ‘ಡಬಲ್ಸ್‌ಗೆ ಕಲಮು ಬೇಡವೇ, ನಮ್ಮ ದೇಶದವರು ಯಾರೂ ಇಲ್ಲವೇ?’ ಎಂದು ಕೇಳುತ್ತಿದ್ದಾಳೆ.

ಚಿಕ್ಕಮಗಳೂರಿನ ನಿವೃತ್ತ ಉಪನ್ಯಾಸಕ

ಡಬಲ್ಸ್‌ಗೆ ಕಲಮು ಖಂಡಿತ ಬೇಕು, ಮೇಡಂ. ಅದಿಲ್ಲದಿದ್ದರೆ ಮಾರ್ಟಿನಾ ನವ್ರಾಟಿಲೋವಾ ಅವರ ಬಹುಪಾಲು ಸಾಧನೆ ಕಾಣದೇ ಹೋಗುತ್ತದೆ: ಸಿಂಗಲ್ಸ್ 18, ಡಬಲ್ಸ್ 31, ಮಿಶ್ರ ಡಬಲ್ಸ್ 10, ಒಟ್ಟು 59. ಕೊನೆಯದು 2006ರ ಅಮೆರಿಕ ಓಪನ್‌ನ ಮಿಶ್ರ ಡಬಲ್ಸ್; ಆಗ ಆಕೆಗೆ 50 ತುಂಬಲು ಒಂದು ತಿಂಗಳಷ್ಟೇ ಉಳಿದಿತ್ತು.

ನಮ್ಮವರ ಸಾಲಿನಲ್ಲಿ ಸಾನಿಯಾ ಮಿರ್ಜಾ ಅವರ 6 ಪ್ರಶಸ್ತಿಗಳನ್ನು ಬರೆಯಿರಿ. ಮಿಶ್ರ ಡಬಲ್ಸ್‌ನಲ್ಲಿ ಮೂರು: ಮಹೇಶ್ ಭೂಪತಿ ಜೊತೆ 2009ರ ಆಸ್ಟ್ರೇಲಿಯಾ ಓಪನ್ ಮತ್ತು 2012ರ ಫ್ರೆಂಚ್ ಓಪನ್, ಬ್ರೂನೊ ಸೋರೆಸ್ ಜೊತೆ 2014ರ ಅಮೆರಿಕ ಓಪನ್. ಮಾರ್ಟಿನಾ ಹಿಂಗಿಸ್ ಜೊತೆ ಡಬಲ್ಸ್‌ನಲ್ಲಿ ಮೂರು: 2015ರ ವಿಂಬಲ್ಡನ್ ಮತ್ತು ಅಮೆರಿಕ ಓಪನ್, 2016ರ ಆಸ್ಟ್ರೇಲಿಯಾ ಓಪನ್. 2015ರ ಏಪ್ರಿಲ್‌ನಲ್ಲಿ ಆಕೆ ಡಬಲ್ಸ್ ಶ್ರೇಯಾಂಕದ ಅಗ್ರಸ್ಥಾನಕ್ಕೇರಿದರು. ಸಾನಿಯಾಗಿಂತ ಮುಂಚೆ, 1998ರ ಆಸ್ಟ್ರೇಲಿಯಾ ಓಪನ್‌ನಲ್ಲಿ ನಿರುಪಮಾ ವೈದ್ಯನಾಥನ್ ಮೊದಲ ಸುತ್ತು ಗೆದ್ದು, ಗ್ರ್ಯಾಂಡ್ ಸ್ಲಾಮ್‌ನ ಮುಖ್ಯ ಹಂತದಲ್ಲಿ ಸಿಂಗಲ್ಸ್ ಪಂದ್ಯ ಗೆದ್ದ, ಮುಕ್ತ ಯುಗದ ಮೊದಲ ಭಾರತೀಯ ಮಹಿಳೆಯಾದರು. ಪಟ್ಟಿಯಲ್ಲಿ ಅದು ಒಂದೇ ಗೆಲುವಾಗಿ ಕಂಡರೂ ಆ ಹೆಸರಿಗೊಂದು ಸಾಲು ಬಿಡಿ.